ಮೂರನೇ ಸಲ ಕರೆಯದ ದನಿ

ದೀಪ ಸ್ವಲ್ಪ ಸಣ್ಣದು ಮಾಡ್ರಿ, ಹೇಳತೇನಿ. ಇದು ನನ್ನ ಸೋದರತ್ತೆಯ ಮಗ ಜಯತೀರ್ಥನಿಗೆ ಆದದ್ದು. ಎಪ್ಪತ್ತೈದನೇ ಇಸವಿ, ಲಚ್ಯಾಣದ ಹತ್ತಿರ. ಹತ್ತಿಗೆ ಹುಳ ಬಿದ್ದಿತ್ತು, ಔಷಧ ಸಿಂಪಡಿಸಲು ಒಂದು ಸಣ್ಣ ವಿಮಾನ ಬಂದಿತ್ತು. ಅದರ ಪೈಲಟ್ ಇವನೇ. ಬಿ.ಎಸ್ಸಿ. ಓದಿದವ, ದೆವ್ವ ಅಂದರೆ ನಗುವವ.

ಬಂದ ದಿನ ರಾತ್ರಿ, ವಿಮಾನ ನಿಲ್ಲಿಸಿದ ಬಯಲಿನಿಂದ ಊರಿಗೆ ನಡೆದು ಹೊರಟ. ಕಾವಲುಗಾರ ಗೈಬುಸಾಬ ಕಂದೀಲು ಹಿಡಿದು ಮುಂದೆ. ದಾರಿಯಲ್ಲೊಂದು ಹಾಳು ಬಾವಿ. ಅಲ್ಲಿ... ಕಿರ್ರ್... ಕಿರ್ರ್... ನೀರು ಸೇದುವ ಗಡಗಡಿಯ ಸಪ್ಪಳ.

"ಜಯಾ..."

ಹೆಣ್ಣು ದನಿ. ಹಾಗೆ ಕರೆಯುವವಳು ಒಬ್ಬಳೇ, ವಿಜಾಪುರದಲ್ಲಿದ್ದ ತಾಯಿ ಅಂಬುಬಾಯಿ. ಇವನು "ಓ" ಅಂದುಬಿಟ್ಟ.

ಗೈಬುಸಾಬ ಗಪ್ಪನೆ ಅವನ ಬಾಯಿ ಮುಚ್ಚಿದ. "ಏನ್ ಮಾಡಿದ್ರಿ ಸಾಹೇಬ್ರ..." ಪಿಸುಗುಟ್ಟಿದ. "ರಾತ್ರಿ ಮೂರು ಸಲ ಕರಿಯೂತನಕ ಓ ಅನಬಾರ್ದರಿ. ಅದು ಎರಡರ ಮ್ಯಾಲೆ ಕರ್ಯಾಂಗಿಲ್ಲ."

"ಯಾವುದೋ ಅದು?"

"ಹೆಸರು ಕೇಳಬ್ಯಾಡ್ರಿ. ಆ ಬಾವ್ಯಾಗ ನೀರು ಬತ್ತಿ ಹನ್ನೆರಡು ವರ್ಷ ಆತು. ಹಗ್ಗಾನೂ ಇಲ್ಲ, ಗಡಗಡೀನೂ ಇಲ್ಲ. ಓ ಅಂದೀರಿ... ಮತ್ತ ಕರಿತೈತಿ."

ಜಯತೀರ್ಥನಿಗೆ ಸಂಶಯ ಬಂದದ್ದು ಗೈಬುಸಾಬನ ಮೇಲೆ. ಹೊಸಬನನ್ನು ಹೆದರಿಸಲು ಯಾರನ್ನೋ ಕೂರಿಸಿದ್ದಾನೆ ಅಂದುಕೊಂಡ.

ಮರುದಿನ ಏರುವ ಮುನ್ನ ಎಲ್ಲವನ್ನೂ ತಾನೇ ನೋಡಿದ. ರೆಕ್ಕೆಯ ಕೆಳಗೆ ಬೆರಳು ದಪ್ಪದ ಒಂದು ಕೊಳವೆ ಇರುತ್ತದೆ. ಅದರೊಳಗೆ ನುಗ್ಗುವ ಗಾಳಿಯಿಂದಲೇ ವೇಗ ತೋರಿಸುವ ಮುಳ್ಳು ಏಳುವುದು. ಬ್ಯಾಟರಿಯ ಬೆಳಕು ಬಿಟ್ಟು ನೋಡಿದ, ಸ್ವಚ್ಛ. ಏರಿದಾಗ ಮುಳ್ಳೂ ಸರಿಯಾಗಿಯೇ ಎದ್ದಿತು.

ಹೊತ್ತು ಮುಳುಗುವಾಗ ಇಳಿಯಲು ಬಯಲಿಗೆ ಮುಖ ಮಾಡಿದ. ಇಂಜಿನ್ನಿನ ಜೋರು ಇಳಿಸಿದ. ವೇಗದ ಮುಳ್ಳು ತೊಂಬತ್ತು ಮೈಲಿಯಲ್ಲೇ ನಿಂತಿತ್ತು. ಆ ವೇಗದಲ್ಲಿ ನೆಲ ಮುಟ್ಟಿದರೆ ವಿಮಾನ ಬಯಲು ದಾಟಿ ಒಡ್ಡಿಗೆ ಬಡಿಯುತ್ತದೆ. ಇನ್ನಷ್ಟು ಇಳಿಸಿದ. ತೊಂಬತ್ತೇ.

ಆಗ... ಇಂಜಿನ್ನಿನ ಗುರುಗುರು ನಡುವೆ... ಕಿರ್ರ್... ಕಿರ್ರ್...

"ಜಯಾ... ಸಾವಕಾಶ ಬಾರೋ..."

ಕೈ ತಾನಾಗಿಯೇ ಇಂಜಿನ್ನಿನ ಹಿಡಿಕೆಗೆ ಹೋಯಿತು.

"ಜಯಾ... ಇನ್ನೂ ಸಾವಕಾಶ..."

ಹಿಡಿಕೆ ಹಿಂದಕ್ಕೆಳೆದು ವೇಗ ತಗ್ಗಿಸಿದರೆ ಆಯಿತು. ಮುಳ್ಳು ಹೇಳುತ್ತಿದ್ದದ್ದೂ ಅದನ್ನೇ. ಆದರೆ ಅವನು ತಡೆದ. ಮೂರನೆಯದು ಬರಲಿ ಎಂದು ಉಸಿರು ಬಿಗಿಹಿಡಿದು ಕೂತ... ಬರಲಿಲ್ಲ. ಕಿವಿಗೊಟ್ಟು ಕೂತಾಗಲೇ ಇನ್ನೊಂದು ತಿಳಿಯಿತು. ಗಾಜಿಗೆ ಬಡಿಯುವ ಗಾಳಿಯ ಸುಂಯ್ ಸಪ್ಪಳ ಸತ್ತುಹೋಗಿತ್ತು. ಎಲ್ಲಿಯ ತೊಂಬತ್ತು, ವೇಗ ಸಾಲದೆ ವಿಮಾನ ಬೀಳುವುದರಲ್ಲಿತ್ತು.

ಮೂಗು ತಗ್ಗಿಸಿ ಇಂಜಿನ್ ಪೂರ್ತಿ ಏರಿಸಿದ. ಚಕ್ರ ಜೋಳದ ತೆನೆ ಸವರಿಕೊಂಡು ಮೇಲೆದ್ದಿತು. ಒಂದು ಸುತ್ತು ಹಾಕಿದ. ಮುಳ್ಳಿನ ಮೇಲೆ ಕರವಸ್ತ್ರ ಮುಚ್ಚಿ, ಗಾಳಿಯ ಸಪ್ಪಳವನ್ನಷ್ಟೇ ನಂಬಿ ಇಳಿದ.

ಓಡಿಬಂದ ಗೈಬುಸಾಬನ ಅಂಗಿ ಹಿಡಿದು ಕೇಳಿದ, "ಕೊಳವ್ಯಾಗ ಏನ್ ತುರುಕಿದಿ?"

"ಏರೂಮುಂದ ನೀವ ನೋಡೀರಲ್ರಿ. ಮುಗಿಲಾಗ ನಾ ಹೆಂಗ ಬರ್ಲಿ?"

ಕಂದೀಲಿನ ಬೆಳಕಲ್ಲಿ ಇಬ್ಬರೂ ತಂತಿಯಿಂದ ಕೆದಕಿದರು. ಗೇಣುದ್ದದ ಹಗ್ಗದ ಎಳೆ ಹೊರಬಂತು.

ಹುಳು ಗೂಡು ಕಟ್ಟಿತ್ತು ಅಂತೀರಿ? ನಾನೂ ಕಾಲೇಜು ಕಲಿತವನೇ, ಹಾಗೇ ಅಂದಿದ್ದೆ. ಆಮೇಲೆ ಆ ಎಳೆಯನ್ನು ಈ ಕೈಯಲ್ಲೇ ಹಿಡಿದು ನೋಡಿದ್ದೇನೆ. ನಡೆದದ್ದು ಸುಳ್ಳಲ್ಲ. ಎರಡು ದಿನ ಬಿಸಿಲಿಗೆ ಹಾಕಿದ್ದರೂ ಅದು ಹಸಿಯಾಗಿಯೇ ಇತ್ತು.