ಹೆಗ್ಗಣದ ಮೇಲೆ ಹಾಕಿದ ತಪ್ಪು

ಮಿಕ್ಸಿ ರಿಪೇರಿಗೆ ಕೊಟ್ಟು ಹುತ್ತೂರಿನ ಎಲೆಕ್ಟ್ರಿಕಲ್ ಅಂಗಡಿ ಮುಂದೆ ಕಾಯುತ್ತಿದ್ದ ಕೊಂಡಮ್ಮನ ಪಕ್ಕದಲ್ಲೇ ವೈರ್‌ಮನ್ ಮುನೇಶ ಬೈಕಿಗೆ ಸಾಮಾನು ಕಟ್ಟುತ್ತಿದ್ದ. ಅವನನ್ನು ಹುಡುಕಿಕೊಂಡು ಬಂದ ಗುರುವಪ್ಪ ದನಿ ತಗ್ಗಿಸಿಯೇ ಮಾತಾಡಿದ. ಆದರೆ ಕೊಂಡಮ್ಮನ ಕಿವಿ ಬಲು ಚುರುಕು.

"ನಮ್ಮನೆಯಿಂದ ತಮ್ಮನ ಹುಳುಮನೆಗೆ ನೆಲದೊಳಗೆ ಹೋಗೋ ಕೇಬಲ್ಲು ನಾಕು ವರ್ಷದಿಂದ ಸತ್ತು ಬಿದ್ದೈತಲ್ಲ, ಅದನ್ನ ನಾಳೆ ಸೇರಿಸ್ತೀಯಂತೆ?"

"ಹೂಂ ಅಣ್ಣೋ. ಮತ್ತೆ ರೇಷ್ಮೆ ಹುಳು ಸಾಕ್ತಾರಂತೆ, ಲೈಟ್ ಬೇಕಲ್ಲ."

"ಅದನ್ನ ಹೆಗ್ಗಣ ಕಡಿದಿದ್ದು ಕಣೋ."

"ಹಂಗಾದ್ರೆ ಜಗಿದಂಗಿರುತ್ತೆ. ಅಗೆದ್ರೆ ಗೊತ್ತಾಗುತ್ತೆ ಬಿಡಿ."

ಗುರುವಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಮನೆ ಭಾಗ ಆದ ಸಿಟ್ಟಲ್ಲಿ ಯಾರಾದ್ರೂ ಮಚ್ಚಲ್ಲಿ ಕಡಿದಿದ್ರೆ?"

"ಒಂದೇ ಏಟಿಗೆ ನೀಟಾಗಿ ತುಂಡಾಗಿರುತ್ತೆ."

"ನಾಳೆ ಬೇಡ ಕಣೋ. ತಮ್ಮ, ಅವನ ಹೆಂಡ್ತಿ ಇಬ್ರೂ ಸಂತೆಗೆ ಹೋದಾಗ ಬಾ. ಜಾಗ ನಾನೇ ತೋರಿಸ್ತೀನಿ, ಸೇರಿಸಿ ಬೇಗ ಮುಚ್ಚಿಬಿಡೋಣ."

"ಜಾಗ ನಿಮ್ಮ ತಮ್ಮನ ಹೆಂಡ್ತಿ ಪವಿತ್ರಮ್ಮ ಆಗ್ಲೇ ಹೇಳವ್ರೆ. ನೀರಿನ ತೊಟ್ಟಿ ಪಕ್ಕ ಅಂತ."

"ಅವಳಿಗೆ ಹೆಂಗೋ ಗೊತ್ತು?"

"ಅವತ್ತು ನೀವು ಕಡಿಯೋದನ್ನ ಗಂಡ ಹೆಂಡ್ತಿ ಇಬ್ರೂ ನೋಡಿದ್ರಂತೆ ಅಣ್ಣೋ. 'ನೀನೂ ಹೆಗ್ಗಣ ಅಂತಾನೇ ಹೇಳು ಮುನೇಶ, ಇಲ್ದಿದ್ರೆ ಭಾವ ತಲೆ ಎತ್ತಲ್ಲ' ಅಂದ್ರು."

ಕೊಂಡಮ್ಮ ಏನೂ ಕೇಳಿಸದವಳಂತೆ ರಸ್ತೆಯ ಕಡೆ ತಿರುಗಿ ಕೂತಳು. ಹಿಂದೆ ಬೈಕು ಸ್ಟಾರ್ಟ್ ಆಯಿತು.

"ನಿಲ್ಲೋ, ನಾನೂ ಬರ್ತೀನಿ. ಸಂತೆ ದಿನ ಬೇಡ, ನಾಳೇನೇ ಆಗ್ಲಿ. ಅವರಿಬ್ರನ್ನೂ ನಿಲ್ಲಿಸ್ಕೊಂಡು ನಾನೇ ಅಗೀತೀನಿ."