ಹೆಸರೋ, ಎಸರೋ?

ನಂಜನಗೂಡು ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ, ಹಸಿರು ನೀರಿನ ಬಾಟಲಿಯೊಂದನ್ನು ನಡುವೆ ಇಟ್ಟುಕೊಂಡು, ಒಬ್ಬರು ನಾಟಿವೈದ್ಯರೂ ಒಬ್ಬಳು ಸಂಶೋಧಕಿಯೂ ಕೂತಿದ್ದರು.

“ಕಲ್ಲಯ್ಯನೋರೆ, ಇದೇನಿದು?”

“ನೀನೇ ಫೋನಲ್ಲಿ ಕೇಳ್ದಲ್ಲವ್ವ, ಆ ಗಿಡದ ಎಸರು ಬೇಕು ಅಂತ. ಚೆನ್ನಾಗಿ ಕುದಿಸಿ ತಂದಿವ್ನಿ.”

“ಅಯ್ಯೋ, ಎಸರಲ್ಲ, ಹೆಸರು! ಗಿಡಕ್ಕೆ ಏನಂತ ಕರೀತೀರಿ ಅಂತ!”

“ನಾನೂ ಅದೇ ಏಳ್ತಿರೋದು, ಎಸರು.”

ನಮ್ಮ ಸೀಮೆಯ ನಾಲಿಗೆ ‘ಹ’ಕಾರವನ್ನು ನುಂಗಿ ನೀರು ಕುಡಿದಿತ್ತು.

“ನೀವು ಮೊದ್ಲು ಕೊಟ್ಟ ಸೊಪ್ಪಿನ ರಸಕ್ಕೆ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಎಲ್ಲ ಸತ್ತೋದ್ವು. ಇನ್ನು ಕ್ಯಾನ್ಸರ್ ಕೋಶದ ಮೇಲೆ ಪರೀಕ್ಷೆ ಮಾಡ್ಬೇಕು. ಗಿಡ ಯಾವ್ದು ಅಂತ ಗೊತ್ತಾಗ್ದೆ ನಮ್ಮ ಗೈಡ್ ಮೇಡಂ ಬಿಡಲ್ಲ.”

“ಮದ್ದಿನ ಗಿಡದ ಎಸರು ಬಾಯ್ಬುಟ್ಟು ಏಳುದ್ರೆ ಅದ್ರ ಶಕ್ತಿ ಒಂಟೋಯ್ತದೆ ಕಣವ್ವ.”

“ಹೇಳ್ದಿದ್ರೆ ನನ್ನ ಪಿಎಚ್‌ಡಿ ಹೋಗುತ್ತೆ!”

“ಬೇಕಾದ್ರೆ ಬೆಟ್ಟು ಮಾಡಿ ತೋರುಸ್ತೀನಿ. ಅದ್ಕೆ ಅಡ್ಡಿಯಿಲ್ಲ.”

“ಹಾಗಾದ್ರೆ ಈಗ್ಲೇ ನಡೀರಿ, ತೋರ್ಸಿ.”

“ಇದ್ದುದ್ದೇ ಒಂದು. ಬುಡಸಮೇತ ಕಿತ್ತು ಕುದಿಸ್ಬುಟ್ನಲ್ಲವ್ವ.”

“ಬೆಂದ ಸೊಪ್ಪಾದ್ರೂ ಇದ್ಯಾ?”

“ಕುರಿಗೆ ಆಕ್ದೆ.”

ನರಸೀಪುರದ ಬಸ್ ಬಂತು. ಊರಿಗೆ ಹೊರಟಿದ್ದ ವೈದ್ಯರು ಹತ್ತಿದರು. ಅವಳು ಹಣೆ ಚಚ್ಚಿಕೊಂಡು ಅವರ ಹಿಂದೆಯೇ ಹತ್ತಿದಳು.

“ಗಿಡ ಇದ್ದ ಜಾಗಾನಾದ್ರೂ ತೋರ್ಸಿ. ಒಂದು ಎಲೆ ಉದುರಿರ್ಬೋದು.”