ಗಂಗವ್ವ ನನ್ನ ಸಾಲಿ ಕಾಯ್ದದ್ದು

ಏ, ಆ ಊರವ್ರು ನನ್ನ ಮಾತಾಡಸ್ತಿರಲಿಲ್ಲ ಅಂತಲ್ಲ, ಮಾತಾಡಸ್ತಿದ್ರು. ಆದ್ರ ನನ್ನ ಮಾರಿ ನೋಡಿ ಮಾತಾಡ್ತಿರಲಿಲ್ಲ, ಕೈಯಾಗ ಏನ್ ಹಿಡಕೊಂಡಾಳ ಅಂತ ಕೈ ನೋಡಕೋತ ಮಾತಾಡ್ತಿದ್ರು. ಮಸಗುಪ್ಪಿ ಬಾಜೂ ಹಳ್ಳಿ ಅದು. ಹೆಸರ ಬ್ಯಾಡ ಬಿಡು, ಆ ಮನಿತನದವ್ರು ಇನ್ನೂ ಅದಾರ. ನಾ ಹುಕ್ಕೇರಿಯಾಕಿ, ಹೊರಗಿನಾಕಿ. ಗಂಡ ತೀರಕೊಂಡ ಮ್ಯಾಲ ನಮ್ಮಪ್ಪ ನನ್ನ ಮತ್ತ ಸಾಲಿಗಿ ಹಚ್ಚಿ ಓದಿಸಿದ್ದ, ಹಂಗಾಗಿ ಅಲ್ಲಿ ಹೆಣ್ಣಮಕ್ಕಳ ಸಾಲಿಯಾಗ ನೌಕರಿ ಸಿಕ್ಕಿತು. ಅಷ್ಟರಾಗ ಅಪ್ಪ ಹಾಸಿಗಿ ಹಿಡಿದ, ನನ್ನ ಪಗಾರದ ಮ್ಯಾಲನ ಮನಿ. ಎರಡನೇ ಮಹಾಯುದ್ಧದ ಕಾಲ, ಗೊತ್ತಲ್ಲ? ನಿಮಗ ಹೆಂಗ ಗೊತ್ತಿರತೈತಿ! ಚಿಮಣಿ ಎಣ್ಣಿ ಇಲ್ಲ, ಸಕ್ಕರಿ ಇಲ್ಲ, ಉಡೂ ಅರಿವಿಗೂ ರೇಶನ್ನು. ಬೆಳದ ಜೋಳದಾಗ ಸರಕಾರಕ್ಕ ಇಷ್ಟು ಕೊಡಬೇಕು ಅಂತ ಕಾಯ್ದೆ ಬಂದಿತ್ತು. ರೈತ್ರು ಏನ್ ಮಾಡ್ಯಾರು? ಹಗೇವಿನಾಗ, ಅಂದ್ರ ನೆಲದಾಗ ತೋಡಿದ ಕುಣಿಯಾಗ, ಜೋಳ ತುಂಬಿ ಮ್ಯಾಲ ಮಣ್ಣ ಮುಚ್ಚಿ ಸುಮ್ಮಕಾಗತಿದ್ರು. ಅದಕ್ಕ ಊರಿಗೆ ಹೊಸಬರು ಯಾರ ಬಂದ್ರೂ ಸರಕಾರದ ಮಂದಿನ ಅಂತ ಅನುಮಾನ.

ಸಾಲಿಯಾಗ ನಾನೂ ಎಲ್ಲಾರಂಗ ಬಾಯಿಪಾಠ ಮಾಡಸ್ತಿದ್ನಿ. ಹುಡುಗ್ಯಾರು ಮಗ್ಗಿ ಹೇಳಿದ್ರ ಮ್ಯಾಲಿನ ಹಂಚ ಹಾರಿ ಹೋಗಬೇಕು, ಹಂಗ ಒದರತಿದ್ರು. ಒಂದಿನ ಶಿವಕ್ಕ ಅಂತ ಒಬ್ಬಾಕಿ, ಎಲ್ಲಾರಕಿಂತ ಚೊಲೋ ಮಗ್ಗಿ ಹೇಳಾಕಿ, ಆಕಿನ್ನ ಕೇಳಿದ್ನಿ: "ನಿಮ್ಮ ಮನ್ಯಾಗ ಮೂರ ಎಮ್ಮಿ ಅದಾವಲ್ಲ, ಅವಕ್ಕ ಕಾಲ ಎಷ್ಟಬೇ?" ಆಕಿ ಗಾಬರಿ ಆಗಿ, "ಎಮ್ಮಿ ಮಗ್ಗಿ ನೀವು ಇನ್ನೂ ಹೇಳಿಕೊಟ್ಟಿಲ್ಲಲ್ರಿ ಅಕ್ಕಾರ" ಅಂತು ಕೂಸು! ಹ್ಞಾ, ನೀವು ನಗತೀರಿ. ನನಗ ನಗಿ ಬರಲಿಲ್ಲ. ಇಷ್ಟ ದಿನ ನಾ ಏನ್ ಕಲಿಸಿದ್ನಿ ಹಂಗಾರ? ಮರುದಿನ ಘಟಪ್ರಭಾ ದಂಡಿ ಉಸುಕು ತಂದು ಸುರುವಿ, ಮನ್ಯಾಗಿಂದ ಒಂದೊಂದು ಪಾತ್ರಿ ತರ್ರಿ, ಯಾವುದರಾಗ ಎಷ್ಟು ಹಿಡಿತೈತಿ ನೋಡೂನು ಅಂದ್ನಿ. ಅವತ್ತು ಮೊದಲನೇ ಸಲ ನನ್ನ ಸಾಲಿಯಾಗ ನಗಿ ಕೇಳಿಸ್ತು. ಮಕ್ಕಳಿಗೆ ಅಳೆಯೂ ಹುಚ್ಚು ಹಿಡೀತು ನೋಡ್ರಿ, ಮನಿಗಿ ಹೋಗಿ ಬುಟ್ಟಿ ಅಳದ್ರು, ಬಾನಿ ಅಳದ್ರು. ಶಿವಕ್ಕ ಹಗ್ಗ ತಗೊಂಡು ತಮ್ಮ ಮನಿ ಹಗೇವಿನ ಬಾಯಿನ ಅಳದಾಳ!

ಅದಾಗಿ ಸ್ವಲ್ಪ ದಿನಕ್ಕ ಸರಕಾರದ ಮಂದಿ ಬಂದ್ರು. ಅತ್ಲಾಗಿಲ್ಲ ಇತ್ಲಾಗಿಲ್ಲ, ಸೀದಾ ಶಿವಕ್ಕನ ಮನಿಗಿ. ಹಗೇವು ತೋಡಿ ಜೋಳ ಒಯ್ದ್ರು. ಯಾರ ಹೇಳಿದ್ರು? ಇವತ್ತಿಗೂ ನನಗ ಖರೆ ಗೊತ್ತಿಲ್ಲ. ಒಬ್ಬಾತನ ಮ್ಯಾಲ ಸಂಶೆ ಐತಿ, ಆದ್ರ ಬಾಯಿ ಬಿಡೂದಿಲ್ಲ. ಊರವ್ರು ಮಾತ್ರ ಗಟ್ಟಿ ಮಾಡಿಬಿಟ್ರು: "ಅಕ್ಕಾರನ ಹೇಳ್ಯಾಳ. ಮಕ್ಕಳ ಕಡಿಂದ ಅಳತಿ ಮಾಡಿಸಿದ್ದು ಅದಕ್ಕ ಮತ್ತ!" ಸಾಲಿ ಖಾಲಿ. ಮೂರ ಹುಡುಗ್ಯಾರು ಉಳದ್ರು, ಅವ್ರ ಮನ್ಯಾಗ ಮುಚ್ಚಿಡಾಕ ಏನೂ ಇರಲಿಲ್ಲ, ಅದಕ್ಕ. ಬಾವಿಗಿ ಹೋದ್ರ ಹೆಂಗಸ್ರು ಕೊಡ ಎತ್ತಿಕೊಂಡು ಸರದ ನಿಲ್ಲತಿದ್ರು. ನಾನೂ ಯಾರನ್ನೂ ನಂಬಲಿಲ್ಲ ಆಮ್ಯಾಲ. ಹಾಲ ಕೊಡಾಕಿ ನಕ್ಕರೂ ಯಾಕ ನಗತಾಳ ಅನಸ್ತಿತ್ತು.

ಹಂಗಿದ್ದಾಗ ಒಂದ ಮುಂಜಾನಿ ಗಂಗವ್ವ ಬಂದ್ಲು. ಶಿವಕ್ಕನ ಆಯಿ, ಅವ್ರಪ್ಪನ ತಾಯಿ. ಅಂದ್ರ ಜೋಳ ಕಳಕೊಂಡ ಮನಿ ಯಜಮಾನ್ತಿ! ಕೋಲ ಊರಕೋತ ಬಂದು ಹೊಸ್ತಿಲದಾಗ ಕುಂತ್ಲು. "ಏನ್ರಿ ಬೇ?" ಅಂದ್ನಿ. "ಏನಿಲ್ಲ. ನೀ ಏನ್ ಕಲಸ್ತಿ ನೋಡಾಕ ಬಂದೇನಿ. ನಡಸ." ಬಾಜೂಕ ಶಿವಕ್ಕನ್ನೂ ಕೂಡಿಸಿಕೊಂಡಿದ್ಲು. ಊರವ್ರು ಕಳಿಸ್ಯಾರ, ನಾ ಆಡಿದ್ದೆಲ್ಲಾ ಗುಡಿ ಕಟ್ಟಿ ಮ್ಯಾಲ ಹೋಗಿ ಒಪ್ಪಸ್ತಾಳ ಅಂತ ನನಗ ಖಾತ್ರಿ. ಆದ್ರೂ ಒಂದು ಎತ್ತರದ ತಂಬಿಗಿ, ಒಂದು ಗಿಡ್ಡ, ಅಗಲ ಬೋಗಾಣಿ ಇಟ್ಟು, "ಯಾವುದರಾಗ ಹೆಚ್ಚು ಹಿಡಿತೈತಿ?" ಅಂತ ಮಕ್ಕಳನ್ನ ಕೇಳಿದ್ನಿ. ಅವ್ರಕಿಂತ ಮೊದಲ ಮುದುಕಿನ ಅಂದ್ಲು: "ತಂಬಿಗಿ. ಕಣ್ಣಿಲ್ಲೇನ ನಿನಗ?" ಶಿವಕ್ಕ ಸುರುವಿ ತೋರಿಸಿದ್ಲು, ತಂಬಿಗಿ ಉಸುಕು ಬೋಗಾಣಿಗಿ ಹಾಕಿದ್ರ ಅರ್ಧಕ್ಕೂ ಬರಲಿಲ್ಲ. ಗಂಗವ್ವನ ಮಾರಿ ಕೆಂಪಗಾತು. "ಮೋಸ ಐತಿ ಇದರಾಗ. ತಂಬಿಗಿ ತಳ ನೀ ದಪ್ಪ ಮಾಡಿಸೀದಿ!" ಮರುದಿನ ತಮ್ಮ ಮನಿ ತಂಬಿಗಿ, ತಮ್ಮ ಮನಿ ಬೋಗಾಣಿ ತಂದ್ಲು. ಉಸುಕಿನಾಗೂ ಮೋಸ ಇರಬೇಕಂತ ನೀರ ಹಾಕಿ ನೋಡಿದ್ಲು. ಮತ್ತ ಹಂಗ ಬಂತು. ಆಗ ನೋಡ್ರಿ, ಹಲ್ಲಿಲ್ಲದ ಬಾಯಿ ತಗದು ನಕ್ಕಾಳ, ಸೆರಗ ಬಾಯಿಗಿ ಹಚ್ಚಿ ನಕ್ಕಾಳ, "ಹುಟ್ಟಿದಾಗಿಂದ ಈ ತಂಬಿಗಿ ನನಗ ಸುಳ್ಳ ಹೇಳೇತಲ್ಲೋ ಶಿವನ!" ಅಂತ. ದಿನಾ ಬಂದ್ಲು. ನಾ ಏನ ಹೇಳಿದ್ರೂ "ನಾ ನಂಬೂದಿಲ್ಲ" ಅಂತಿದ್ಲು. ಮಕ್ಕಳೂ ಕಲತ್ರು, "ನಂಬೂದಿಲ್ರಿ ಅಕ್ಕಾರ, ತೋರಿಸ್ರಿ!" ಅಂತ ಒದರಾವ್ರು. ಅವ್ರಿಗಿ ತೋರಿಸಾಕ ನಾ ಮನ್ಯಾಗ ಕುಂತು ಹೊಸದಾಗಿ ಎಲ್ಲಾ ಕಲಿಯೂಹಂಗ ಆತು. ಅಷ್ಟು ಖುಷಿ ನನಗ ನೌಕರಿ ಸಿಕ್ಕಾಗೂ ಆಗಿರಲಿಲ್ಲ.

ಆದ್ರ ಊರವ್ರು ಸುಮ್ಮಕಿರಲಿಲ್ಲ. ಗುಡಿ ಮುಂದ ಹಿರ್ಯಾರು ಕೂಡಿ ನನ್ನ ಕರಿಸಿದ್ರು. "ಅಕ್ಕಾರ, ನಿಮ್ಮನ್ನ ಈ ಊರಿಂದ ತಗಸ್ರಿ ಅಂತ ಮ್ಯಾಲಿನವ್ರಿಗೆ ಹೇಳಾವ್ರದೀವಿ." ನನಗ ಹಾಸಿಗ್ಯಾಗಿನ ಅಪ್ಪ ಕಣ್ಮುಂದ ಬಂದ. ಹಿಂದಿಂದ ಕೋಲ ಸಪ್ಪಳ. ಗಂಗವ್ವ. "ಹೋದ ಜೋಳ ಯಾರದು?" ಅಂದ್ಲು. ಕೋಲ ನೆಲಕ್ಕ ಊರಿ ತಾನ ಅಂದ್ಲು: "ನಂದು. ಸಿಟ್ಟು ಬರೂದಿದ್ರ ನನಗ ಬರಬೇಕು. ಇಷ್ಟ ದಿನ ಆಕಿ ಸಾಲಿಯಾಗ ಕುಂತೇನಿ. ಯಾರ ಮನ್ಯಾಗ ಏನೈತಿ ಅಂತ ಒಂದ ಮಾತ ಕೇಳಿಲ್ಲ ಆಕಿ."

ಹಿರ್ಯಾರಾಗ ಒಬ್ಬಾತ ಅಂದ, "ಹಂಗಾರ ನೀ ಆಕಿನ್ನ ನಂಬೀದಿ ಅನ್ನು."

"ಎಲ್ಲಿ ನಂಬೇನಿ?" ಅಂದ್ಲು ಗಂಗವ್ವ. "ಆಕಿ ತಪ್ಪ ಹಿಡಿಯಾಕ ಅಂತನ ಹೋಗಿದ್ನಿ, ಇನ್ನೂ ಸಿಕ್ಕಿಲ್ಲ. ನಾಳೆನೂ ಹೋಗಾಕಿ. ನಿಮಗೂ ಸಂಶೆ ಇದ್ರ ಬಂದು ಕುಂದರ್ರಿ. ಹುಡುಗ್ಯಾರನ್ನೂ ಕರಕೊಂಡು ಬರ್ರಿ."

ಖರೇನ ಬಂದ್ರು. ಕಾಯಾಕ ಅಂತ ಬಂದವ್ರು, ಹುಡುಗ್ಯಾರನ್ನ ಬಾಜೂಕ ಕೂಡಿಸಿಕೊಂಡು. ಎಲ್ಲಾರೂ ಬರಲಿಲ್ಲ, ಸುಳ್ಳ ಯಾಕ ಹೇಳ್ಲಿ, ಕೆಲವು ಮನಿ ಬಾಗಲಾ ಕಡೀತನಕಾ ತೆರೀಲಿಲ್ಲ. ಆದ್ರ ನನ್ನ ನೌಕರಿ ಉಳೀತು, ಸಾಲಿನೂ ತುಂಬಿತು. ಅದಕ್ಕ ಹೇಳತೇನಿ, ಕಲಿಸಾವ್ರು ಹೇಳಿದ್ದಕ್ಕೆಲ್ಲಾ ಗೋಣ ಹಾಕಬ್ಯಾಡ್ರಿ. ಖರೆ ಏನ್ರಿ ಅಂತ ಕೇಳ್ರಿ, ಕೇಳಿದ್ರ ಸಿಟ್ಟಾಗಾವ್ರ ಕಡೆ ಕಲಿಯೂದು ಏನೂ ಇರೂದಿಲ್ಲ. ಸಾಕ ಏಳ್ರಿ, ರೊಟ್ಟಿ ಆರಾಕತ್ಯಾವು.